ಸೋರುವುದೆಲ್ಲೋ, ತೊಟ್ಟಿಕ್ಕುವುದೆಲ್ಲೋ: ಹಳೆಯ ಹಾಯಿದೋಣಿಗೆ ಹದಿನಾಲ್ಕು ಸೂತ್ರಗಳು

ಕುಂದಾಪುರದ ನಮ್ಮ ಹಂಚಿನ ಮನೆಯಲ್ಲಿ ಪ್ರತಿ ಮಳೆಗಾಲವೂ ಚಾವಡಿಯ ನಟ್ಟನಡುವೆ ನೀರು ತೊಟ್ಟಿಕ್ಕುತ್ತಿತ್ತು. ಅಪ್ಪಯ್ಯ ಏಣಿ ಇಟ್ಟು ಮೇಲೆ ಹತ್ತಿದರೆ ಆ ಜಾಗದ ಹಂಚನ್ನು ಮುಟ್ಟುತ್ತಲೇ ಇರಲಿಲ್ಲ. ನಾಲ್ಕು ಸಾಲು ಮೇಲಕ್ಕೆ ಹೋಗಿ, ಅಲ್ಲಿ ಬಿರುಕು ಬಿಟ್ಟ ಇನ್ನೊಂದು ಹಂಚನ್ನು ಎಳೆದು ತೆಗೆಯುತ್ತಿದ್ದರು. "ನೀರ್ ರೀಪ್ ಹಿಡ್ಕಂಡ್ ಬತ್ತ್ ಮಗಾ, ಸೀದಾ ಬೀಳ್ತಿಲ್ಲ" ಎನ್ನುತ್ತಿದ್ದರು.

ಆ ಮಾತು ಮತ್ತೆ ನೆನಪಾಗಿದ್ದು ಮೂವತ್ತು ವರ್ಷ ಕಳೆದ ಮೇಲೆ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ. 1979ರಲ್ಲಿ ಕಟ್ಟಿದ 27 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿಯೊಂದನ್ನು ಹಳೇ ಕಾರಿನ ಬೆಲೆಗೆ ಕೊಂಡಿದ್ದೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಮೊದಲ ಮಳೆಗೇ ನನ್ನ ದಿಂಬು ಒದ್ದೆ. ದಿಂಬಿನ ಮೇಲೇ ಕಿಟಕಿ ಇತ್ತು, ಕಿಟಕಿಗೆ ಸಿಲಿಕೋನ್ ಮೆತ್ತಿದೆ. ಒಂದಲ್ಲ, ಮೂರು ಸಲ. ಸೋರುತ್ತಿದ್ದದ್ದು ಕಿಟಕಿಯಲ್ಲ, ಎರಡು ಅಡಿ ಮುಂದೆ, ಮೇಲಿನ ಕೈಹಿಡಿಯ ಒಂದು ಬೋಲ್ಟು. ಕಿಟಕಿಗೆ ಹಚ್ಚಿದ ಮೂರು ಟ್ಯೂಬು, ಕಳೆದ ಮೂರು ಭಾನುವಾರ ಎರಡೂ ದಂಡ.

ಹಳೆಯ ದೋಣಿಯ ದುರಸ್ತಿಯಲ್ಲಿ ಮುಕ್ಕಾಲು ಪಾಲು ಹುಡುಕಾಟ, ಕಾಲು ಪಾಲು ಕೈಕೆಲಸ. ಕಾರಣ ಸಿಕ್ಕರೆ ರಿಪೇರಿ ಅರ್ಧ ಗಂಟೆಯದು. ಸಿಗದಿದ್ದರೆ ಅದು ಅರ್ಧ ವರ್ಷದ್ದು. ಹತ್ತು ವರ್ಷ ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಪಟ್ಟಿ ಮಾಡಿದ್ದೇನೆ.

1. ಮೊದಲು ನೀರಿನ ಜಾತಕ ನೋಡಿ

ದೋಣಿಯೊಳಗೆ ಎಲ್ಲಿಂದ ನೀರು ಬಂದರೂ ಕೊನೆಗೆ ತಳದ ತಗ್ಗಿಗೆ, ಅಂದರೆ ಬಿಲ್ಜ್‌ಗೆ, ಬಂದು ಸೇರುತ್ತದೆ. ಅಲ್ಲಿ ನೀರು ಕಂಡ ಕೂಡಲೇ ಪಂಪು ಹಾಕಿ ಖಾಲಿ ಮಾಡಬೇಡಿ. ಅದು ಎಲ್ಲಿಯದು ಎಂದು ಮೊದಲು ಕೇಳಿ. ಉಪ್ಪುನೀರಾದರೆ ನೀರಿನ ಮಟ್ಟಕ್ಕಿಂತ ಕೆಳಗಿನ ಯಾವುದೋ ತೂತಿನಿಂದ ಬಂದಿದೆ: ತಳದ ವಾಲ್ವು, ಪ್ರೊಪೆಲರ್ ದಂಡದ ಸುತ್ತಿನ ಜಾಗ, ಚುಕ್ಕಾಣಿಯ ಕೊಳವೆ ಅಥವಾ ತಳದ ಭಾರದ ರೆಕ್ಕೆಯಾದ ಕೀಲ್‌ನ ಬೋಲ್ಟು. ಸಿಹಿನೀರಾದರೆ ಅದು ಮಳೆ, ಇಲ್ಲವೇ ಕುಡಿಯುವ ನೀರಿನ ಟ್ಯಾಂಕು. ಮೇಲೆ ಕಾಮನಬಿಲ್ಲಿನ ಬಣ್ಣ ತೇಲಿದರೆ ಡೀಸೆಲ್ ಅಥವಾ ಎಂಜಿನ್ ಎಣ್ಣೆ. ಹಸಿರು ಬಣ್ಣ, ಸಿಹಿ ವಾಸನೆ ಇದ್ದರೆ ಎಂಜಿನ್ ತಂಪಾಗಿಸುವ ಕೂಲಂಟ್.

ಕೂಲಂಟ್ ವಿಷ, ಹಾಗಾಗಿ ನಾಲಿಗೆಗೆ ಹಚ್ಚಿ ರುಚಿ ನೋಡುವ ಸಾಹಸ ಬೇಡ. ನಾಲ್ಕು ಹನಿಯನ್ನು ಸ್ಟೀಲ್ ತಟ್ಟೆಯಲ್ಲಿ ಹಾಕಿ ಬಿಸಿಲಿಗಿಡಿ. ಒಣಗಿದ ಮೇಲೆ ಬಿಳಿ ಪೊರೆ ದಪ್ಪಗೆ ಉಳಿದರೆ ಸಮುದ್ರ ಒಳಗೆ ಬರುತ್ತಿದೆ ಎಂದೇ ಅರ್ಥ.

ಟ್ಯಾಂಕಿನ ಮೇಲೆ ಅನುಮಾನವೇ? ಟ್ಯಾಂಕಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ. ಬಿಲ್ಜ್ ಕೆಂಪಾದರೆ ಕಳ್ಳ ಸಿಕ್ಕ.

2. ಒಣಗಿಸಿ, ಪೌಡರ್ ಹಾಕಿ, ಕೆಳಗಿನಿಂದ ಮೇಲಕ್ಕೆ ಹುಡುಕಿ

ಒದ್ದೆ ದೋಣಿಯಲ್ಲಿ ಸೋರಿಕೆ ಹುಡುಕುವುದು ಹೊಳೆಯಲ್ಲಿ ಬೆವರು ಹುಡುಕಿದಂತೆ. ಮೊದಲು ಎಲ್ಲವನ್ನೂ ಒರೆಸಿ ಒಣಗಿಸಿ. ಅನುಮಾನದ ಜಾಗಗಳಲ್ಲಿ ಮಕ್ಕಳಿಗೆ ಹಾಕುವ ಟಾಲ್ಕಂ ಪೌಡರ್ ಚಿಮುಕಿಸಿ. ನೀರು ಹರಿದ ದಾರಿ ಅದರ ಮೇಲೆ ಗೆರೆ ಎಳೆದಂತೆ ಕಾಣುತ್ತದೆ.

ಮಳೆಯ ಸೋರಿಕೆಯಾದರೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗೆ ಪೈಪಿನಿಂದ ನೀರು ಬಿಡಲಿ. ಮೊದಲೇ ಮೇಲಿನಿಂದ ಸುರಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ತೀರಾ ಕೆಳಗಿನಿಂದ ಶುರುಮಾಡಿ. ಒಂದೊಂದು ಜಾಗಕ್ಕೆ ಐದು ನಿಮಿಷ ಕೊಟ್ಟು ಮೇಲಕ್ಕೆ ಹೋಗಿ.

ಇನ್ನೂ ಪಕ್ಕಾ ಆಗಬೇಕೆ? ಪಂಕ್ಚರ್ ಅಂಗಡಿಯವನ ಉಪಾಯ ಇದೆ. ಕಿಟಕಿ ಬಾಗಿಲು ಮುಚ್ಚಿ, ಸಂದುಗಳಿಗೆ ಟೇಪು ಅಂಟಿಸಿ, ಒಂದು ಬ್ಲೋವರ್‌ನಿಂದ ಕ್ಯಾಬಿನ್ನಿಗೆ ಗಾಳಿ ತುಂಬಿ. ಹೊರಗೆ ಡೆಕ್ಕಿನ ಮೇಲೆ ಸೋಪಿನ ನೀರು ಹಚ್ಚುತ್ತಾ ಹೋಗಿ. ಗುಳ್ಳೆ ಎದ್ದ ಜಾಗವೇ ತೂತು. ನನ್ನ ಕೈಹಿಡಿಯ ಬೋಲ್ಟು ಸಿಕ್ಕಿದ್ದು ಹೀಗೆಯೇ.

3. ಡೆಕ್ಕನ್ನು ತೆಂಗಿನಕಾಯಿಯಂತೆ ತಟ್ಟಿ

ಆ ಕಾಲದ ಬಹಳಷ್ಟು ಫೈಬರ್‌ಗ್ಲಾಸ್ ದೋಣಿಗಳ ಡೆಕ್ಕು ಇಡೀ ಫೈಬರ್ ಅಲ್ಲ. ಮೇಲೊಂದು, ಕೆಳಗೊಂದು ತೆಳು ಪದರ; ನಡುವೆ ಬಾಲ್ಸಾ ಎಂಬ ಹಗುರ ಮರ ಅಥವಾ ಪ್ಲೈವುಡ್. ಬೋಲ್ಟಿನ ತೂತಿನಿಂದ ಇಳಿದ ನೀರು ಈ ಮರದೊಳಗೆ ಹೊಕ್ಕರೆ ಹೊರಬರುವುದಿಲ್ಲ, ಒಳಗೊಳಗೇ ಕೊಳೆಯಿಸುತ್ತದೆ. ದಿಂಬು ಒದ್ದೆಯಾಗುವುದು ಸಣ್ಣ ತೊಂದರೆ, ಕಾಲಡಿಯ ಡೆಕ್ಕು ಹಪ್ಪಳವಾಗುವುದು ದೊಡ್ಡದು.

ಪರೀಕ್ಷೆಗೆ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿ ಸಾಕು. ಒಂದೊಂದೇ ಅಂಗುಲ ತಟ್ಟುತ್ತಾ ಹೋಗಿ. ಟಣ್ ಟಣ್ ಎಂದರೆ ಗಟ್ಟಿ, ಡಬ್ ಡಬ್ ಎಂದರೆ ಒಳಗೆ ಬಿಟ್ಟುಕೊಂಡಿದೆ ಅಥವಾ ಕೊಳೆತಿದೆ. ಡಬ್ ಎಂದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಗುರುತು ಅಂಗೈಯಗಲ ಇದ್ದರೆ ಅದು ನಿಮ್ಮ ಕೆಲಸ, ಚಾಪೆಯಗಲ ಇದ್ದರೆ ಕಾರ್ಖಾನೆಯದು.

4. ಸಿಲಿಕೋನ್ ಟ್ಯೂಬನ್ನು ದೋಣಿಯಿಂದ ಕೆಳಗಿಳಿಸಿ

ಹೊಸಬರ ಮೊದಲ ಆಯುಧ ಸಿಲಿಕೋನ್, ಮೊದಲ ತಪ್ಪೂ ಅದೇ. ಸೋರುವ ಫಿಟಿಂಗಿನ ಅಂಚಿಗೆ ಸುತ್ತಲೂ ಮೆತ್ತಿದರೆ ನಾಲ್ಕು ದಿನ ನಿಲ್ಲುತ್ತದೆ, ಆಮೇಲೆ ಬಿಡುತ್ತದೆ. ಬಿಟ್ಟ ಮೇಲೂ ಕಣ್ಣಿಗೆ ಕಾಣದ ಪೊರೆ ಉಳಿಸಿ ಹೋಗುವುದರಿಂದ ಅಲ್ಲಿ ಮುಂದೆ ಬಣ್ಣವೂ ಹಿಡಿಯದು, ಬೇರೆ ಅಂಟೂ ಹಿಡಿಯದು. ಪಾಲಿಯುರಿಥೇನಿನ ಗಟ್ಟಿ ಅಂಟು ಇದಕ್ಕೆ ವಿರುದ್ಧದ ತೊಂದರೆ: ಒಮ್ಮೆ ಹಿಡಿದರೆ ಫಿಟಿಂಗಿನ ಜೊತೆ ಫೈಬರಿನ ಚಕ್ಕೆಯೂ ಎದ್ದು ಬರುತ್ತದೆ. ಮುಂದೆ ಬಿಚ್ಚಬೇಕಾದ ಯಾವುದಕ್ಕೂ ಅದು ಬೇಡ.

ಸರಿಯಾದ ದಾರಿ ಹೀಗಿದೆ. ಫಿಟಿಂಗನ್ನು ಪೂರ್ತಿ ಬಿಚ್ಚಿ, ಹಳೆಯ ಅಂಟು ಕೆರೆದು ತೆಗೆಯಿರಿ. ನಡುವೆ ಮರ ಇದ್ದರೆ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಒಣಗಿಸಿ, ದಪ್ಪ ಎಪಾಕ್ಸಿ ತುಂಬಿ. ಅದು ಗಟ್ಟಿಯಾದ ಮೇಲೆ ಅದರ ನಡುವೆಯೇ ಬೋಲ್ಟಿನ ಅಳತೆಯ ತೂತು ಕೊರೆಯಿರಿ. ಇನ್ನು ಮುಂದೆ ಸೋರಿದರೂ ನೀರು ಮರವನ್ನು ಮುಟ್ಟದು. ತೂತಿನ ಬಾಯಿಯನ್ನು ತುಸು ಓರೆಯಾಗಿ ಕೆತ್ತಿ, ಬ್ಯುಟೈಲ್ ಎಂಬ ಮೆತ್ತನೆಯ ರಬ್ಬರ್ ಟೇಪನ್ನು ಶ್ಯಾವಿಗೆಯಂತೆ ಹೊಸೆದು ಬೋಲ್ಟಿನ ಕತ್ತಿಗೆ ಸುತ್ತಿ ಕೂರಿಸಿ. ಬಿಗಿಯುವಾಗ ಬೋಲ್ಟು ತಿರುಗಬಾರದು. ಅದನ್ನು ಮೇಲೆ ಒಬ್ಬರು ಹಿಡಿದಿರಲಿ, ಒಳಗಿನಿಂದ ನಟ್ಟನ್ನು ಮಾತ್ರ ತಿರುಗಿಸಿ. ಒಂದೇ ಸಲ ಪೂರ್ತಿ ಬಿಗಿಯದೆ, ಹೊರಗೆ ಉಬ್ಬಿ ಬಂದ ಟೇಪನ್ನು ಕತ್ತರಿಸುತ್ತಾ ಎರಡು ಮೂರು ದಿನ ಸ್ವಲ್ಪ ಸ್ವಲ್ಪ ಬಿಗಿಯಿರಿ.

5. ಬಲ್ಬು ಬದಲಿಸುವ ಮೊದಲು ಮೀಟರ್ ಹಿಡಿಯಿರಿ

ಒಂದು ಸಂಜೆ ಮೂತಿಯ ಕೆಂಪು ಹಸಿರು ದೀಪ ಮಂಕಾಯಿತು. ಬಲ್ಬು ಬದಲಿಸಿದೆ, ಮಂಕೇ. ಬ್ಯಾಟರಿ ಬದಲಿಸಿದೆ, ಆಗಲೂ ಮಂಕು. ಕೊನೆಗೆ ಪಕ್ಕದ ದೋಣಿಯ ಎಪ್ಪತ್ತು ದಾಟಿದ ಅಜ್ಜ ತನ್ನ ಮಲ್ಟಿಮೀಟರ್ ತಂದು, "ಪ್ಲಸ್ ತಂತಿ ಎಲ್ಲರೂ ನೋಡುತ್ತಾರೆ, ಮೈನಸ್ ಯಾರು ನೋಡುತ್ತಾರೆ?" ಎಂದು ಕೇಳಿದರು. ಮೈನಸ್ ತಂತಿಯ ಒಂದು ಜೋಡಣೆ ಹಸಿರು ಕಿಲುಬು ಹಿಡಿದು ಕುಳಿತಿತ್ತು.

12 ವೋಲ್ಟಿನ ಲೋಕದಲ್ಲಿ ಅರ್ಧ ವೋಲ್ಟ್ ಕೂಡ ದೊಡ್ಡ ನಷ್ಟ. ದೀಪ ಹಚ್ಚಿಟ್ಟು, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ದೀಪದ ಪ್ಲಸ್ಸಿಗೆ ಇಡಿ. ಮೀಟರ್ ತೋರಿಸುವುದು ದಾರಿಯಲ್ಲಿ ಸೋರಿಹೋದ ವೋಲ್ಟೇಜು. ಮೈನಸ್ಸಿಗೂ ಹಾಗೆಯೇ ಮಾಡಿ, ಎರಡನ್ನೂ ಕೂಡಿಸಿ. ಈ ಕೆಂಪು ಹಸಿರು ದೀಪಗಳಿಗೆ ಶೇ. 3ರಷ್ಟು, ಅಂದರೆ 0.36 ವೋಲ್ಟ್, ನಷ್ಟದ ಮಿತಿ. ಅದಕ್ಕಿಂತ ಹೆಚ್ಚಾದರೆ ಒಂದೊಂದೇ ಜೋಡಣೆ ದಾಟುತ್ತಾ ಬನ್ನಿ; ಎಲ್ಲಿ ಅಂಕಿ ಜಿಗಿಯುತ್ತದೋ ಅಲ್ಲಿ ರೋಗ.

ಬ್ಯಾಟರಿಯ ಲೆಕ್ಕವೂ ನೆನಪಿರಲಿ. ಚಾರ್ಜರ್ ತೆಗೆದು ಕೆಲವು ಗಂಟೆ ಸುಮ್ಮನೆ ಬಿಟ್ಟ ಮೇಲೆ 12.6 ಅಥವಾ 12.7 ಇದ್ದರೆ ಹೊಟ್ಟೆ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಉಪವಾಸ. ಹೊಸ ತಂತಿ ಹಾಕುವುದಾದರೆ ತವರ ಲೇಪಿಸಿದ, ಬಹು ಎಳೆಗಳ ತಾಮ್ರದ್ದೇ ಆಗಲಿ. ಮನೆಗೆ ಹಾಕುವ ಒಂಟಿ ಎಳೆಯ ತಂತಿ ಅಲೆಯ ಅಲುಗಾಟಕ್ಕೆ ಒಳಗೇ ಮುರಿಯುತ್ತದೆ.

6. ಎಂಜಿನ್ ನಿಂತರೆ ಡೀಸೆಲ್ಲಿನ ದಾರಿ ಹಿಡಿದು ನಡೆಯಿರಿ

ಹಳೆಯ ಡೀಸೆಲ್ ಎಂಜಿನ್ನಿಗೆ ಬೇಕಾದ್ದು ಮೂರು: ಶುದ್ಧ ಡೀಸೆಲ್, ಗಾಳಿ, ಒತ್ತಡ. ಶುರುವಾಗಿ ಐದು ನಿಮಿಷ ಓಡಿ ಕೆಮ್ಮಿ ನಿಂತರೆ ಹೆಚ್ಚಾಗಿ ತಪ್ಪು ಡೀಸೆಲ್ಲಿನ ದಾರಿಯದು. ಒಂದೋ ಫಿಲ್ಟರ್ ಕಟ್ಟಿಕೊಂಡಿದೆ, ಇಲ್ಲವೇ ಪೈಪಿಗೆ ಗಾಳಿ ಹೊಕ್ಕಿದೆ.

ಇದು ಆಗುವುದೂ ಆಗಬಾರದ ಹೊತ್ತಿನಲ್ಲೇ. ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟ್ ಸೇತುವೆಯ ಕೆಳಗಿಂದ 20-25 ನಾಟ್ ಗಾಳಿ ನುಗ್ಗಿ ಕೊಲ್ಲಿ ಕುದಿಯತೊಡಗಿದಾಗ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಮಲಗಿದ್ದ ಕೆಸರು ಎದ್ದು ಫಿಲ್ಟರಿಗೆ ಬರುತ್ತದೆ. ದಡದಲ್ಲಿ ಚೆನ್ನಾಗಿದ್ದ ಎಂಜಿನ್ ಅಲೆಯಲ್ಲಿ ನಿಲ್ಲುವ ಗುಟ್ಟು ಇದೇ.

ಟ್ಯಾಂಕಿನಿಂದ ಎಂಜಿನ್ನಿನ ಕಡೆಗೆ ಕ್ರಮವಾಗಿ ಬನ್ನಿ. ಡೀಸೆಲ್ ಇದೆಯೇ, ಟ್ಯಾಂಕಿನ ವಾಲ್ವು ತೆರೆದಿದೆಯೇ, ಮೊದಲ ಫಿಲ್ಟರಿನ ಬಟ್ಟಲಲ್ಲಿ ನೀರೋ ಕಪ್ಪು ಲೋಳೆಯೋ ಕಾಣುತ್ತಿದೆಯೇ ನೋಡಿ. ಫಿಲ್ಟರ್ ಬದಲಿಸಿದ ಮೇಲೆ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಎಂಜಿನ್ ಪಕ್ಕದ ಸಣ್ಣ ಪಂಪಿನ ಹಿಡಿಯನ್ನು ಒತ್ತುತ್ತಾ ಹೋಗಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗಿಯಿರಿ. ಹಿಡಿ ಸಡಿಲವಾಗಿ ಒತ್ತಿದ್ದೇ ತಿಳಿಯದಿದ್ದರೆ ಪಂಪು ಕೆಟ್ಟಿತೆಂದು ಗಾಬರಿಯಾಗಬೇಡಿ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ.

ಒಂದು ಎಚ್ಚರಿಕೆ. ಎಂಜಿನ್ ಹತ್ತದೇ ಇದ್ದಾಗ ಸ್ಟಾರ್ಟರನ್ನು ಒತ್ತುತ್ತಲೇ ಇದ್ದರೆ ತಂಪಾಗಿಸುವ ಸಮುದ್ರದ ನೀರು ಸೈಲೆನ್ಸರಿನಲ್ಲಿ ತುಂಬಿ, ಕೊನೆಗೆ ಸಿಲಿಂಡರಿಗೇ ಹಿಂತಿರುಗಬಹುದು. ಎರಡು ಮೂರು ಸಲ ಪ್ರಯತ್ನಿಸಿದ ಮೇಲೆ ಆ ನೀರಿನ ವಾಲ್ವು ಮುಚ್ಚಿ. ಎಂಜಿನ್ ಹತ್ತಿದ ಕ್ಷಣವೇ ತೆರೆಯಿರಿ.

7. ಬಿಸಿಯಾದರೆ ಮೊದಲು ಹಿಂದಕ್ಕೆ ತಿರುಗಿ ನೋಡಿ

ಎಂಜಿನ್ ಕಾದಿತೆಂದು ಮುಚ್ಚಳ ಬಿಚ್ಚುವ ಮೊದಲು ದೋಣಿಯ ಹಿಂಭಾಗದ ಹೊಗೆಕೊಳವೆ ನೋಡಿ. ಹೊಗೆಯ ಜೊತೆ ನೀರು ಉಗುಳುತ್ತಿದೆಯೇ? ಇಲ್ಲವಾದರೆ ಸಮುದ್ರದ ನೀರೇ ಒಳಗೆ ಬರುತ್ತಿಲ್ಲ. ವಾಲ್ವು ತೆರೆದಿದೆಯೇ ಎಂಬುದು ಮೊದಲ ಪ್ರಶ್ನೆ. ನಾನು ಒಮ್ಮೆ ಒಂದಿಡೀ ಮಧ್ಯಾಹ್ನ ಪಂಪು ಬಿಚ್ಚಿ ಜೋಡಿಸಿದ ಮೇಲೆ ನೆನಪಾಯಿತು, ಬೆಳಿಗ್ಗೆ ವಾಲ್ವು ಮುಚ್ಚಿದವನು ನಾನೇ. ಆಮೇಲಿನಿಂದ ವಾಲ್ವು ಮುಚ್ಚಿದರೆ ಎಂಜಿನ್ ಕೀಲಿಯನ್ನು ಅದರ ಹಿಡಿಗೇ ನೇತುಹಾಕುತ್ತೇನೆ.

ವಾಲ್ವು ಸರಿಯಿದ್ದರೆ ಜಾಲರಿಯಲ್ಲಿ ಪಾಚಿ ಸಿಕ್ಕಿದೆಯೇ, ಬೆಲ್ಟು ಸಡಿಲವಾಗಿದೆಯೇ ನೋಡಿ. ಆಮೇಲೆ ಪಂಪಿನ ಒಳಗಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್. ಅದರ ರೆಕ್ಕೆಗಳನ್ನು ಎಣಿಸಿ. ಒಂದು ಮುರಿದಿದ್ದರೆ ಹೊಸ ಚಕ್ರ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ. ಮುರಿದ ತುಂಡು ಮುಂದಿನ ಪೈಪಿನಲ್ಲೆಲ್ಲೋ ಅಡ್ಡ ಕೂತಿರುತ್ತದೆ. ಅದು ಸಿಗುವವರೆಗೆ ಕೆಲಸ ಮುಗಿದಿಲ್ಲ.

ಹೊಗೆಯ ಬಣ್ಣವೂ ಮಾತಾಡುತ್ತದೆ. ಕಪ್ಪಾದರೆ ಗಾಳಿ ಸಾಲದು, ಅಥವಾ ಪ್ರೊಪೆಲರಿಗೆ ಚಿಪ್ಪು ಕಟ್ಟಿ ಭಾರ ಹೆಚ್ಚಿದೆ. ನೀಲಿಯಾದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಬಿಳಿಯಾದರೆ ನೀರಿನ ಹಬೆ ಅಥವಾ ಉರಿಯದೆ ಉಳಿದ ಡೀಸೆಲ್.

8. ಎಲ್ಲ ಹನಿಯೂ ರೋಗವಲ್ಲ

ಪ್ರೊಪೆಲರಿನ ದಂಡ ದೋಣಿಯ ಹೊಟ್ಟೆಯನ್ನು ತೂರಿ ಹೊರಗೆ ಹೋಗುವಲ್ಲಿ ಹಳೆಯ ದೋಣಿಗಳಲ್ಲಿ ಒಂದು ಸ್ಟಫಿಂಗ್ ಬಾಕ್ಸ್ ಇರುತ್ತದೆ. ಮೇಣ ಅಥವಾ ಗ್ರೀಸು ಹಚ್ಚಿದ ಹುರಿಯನ್ನು ಬಳೆ ಬಳೆಯಾಗಿ ಕೂರಿಸಿ, ನಟ್ಟಿನಿಂದ ಬಿಗಿದಿರುತ್ತಾರೆ. ದಂಡ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಬೀಳಲೇಬೇಕು. ಆ ಹನಿಯೇ ದಂಡವನ್ನು ತಂಪಾಗಿಡುವುದು.

ಹನಿ ಕಂಡು ಹೆದರಿ ಪೂರ್ತಿ ಬಿಗಿದರೆ ಹುರಿ ಸುಟ್ಟು, ದಂಡಕ್ಕೆ ಗೀರು ಬೀಳುತ್ತದೆ. ಗೀರು ಬಿದ್ದ ದಂಡ ಆಮೇಲೆ ಎಷ್ಟು ಬಿಗಿದರೂ ಸೋರುತ್ತದೆ. ಅರ್ಧ ಗಂಟೆ ಓಡಿಸಿ, ಎಂಜಿನ್ ನಿಲ್ಲಿಸಿ, ಬಾಕ್ಸನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಸಡಿಲಿಸಿ. ಹುರಿ ಬದಲಿಸುವಾಗ ಸುರುಳಿಯಾಗಿ ಸುತ್ತಬೇಡಿ. ಬಿಡಿ ಬಿಡಿ ಬಳೆಗಳಾಗಿ ಕತ್ತರಿಸಿ, ಒಂದರ ಸಂದಿನ ಮೇಲೆ ಇನ್ನೊಂದರ ಸಂದು ಬಾರದಂತೆ ಕೂರಿಸಿ.

9. ತಿಂಗಳಿಗೊಮ್ಮೆ ಎಲ್ಲ ವಾಲ್ವುಗಳನ್ನೂ ತಿರುಗಿಸಿ

ನೀರಿನ ಮಟ್ಟದ ಕೆಳಗೆ ಪೈಪು ಸೇರುವ ಪ್ರತಿ ತೂತಿಗೂ ಸೀಕಾಕ್ ಎಂಬ ಒಂದು ವಾಲ್ವು ಇರುತ್ತದೆ. ವರ್ಷಗಟ್ಟಲೆ ಮುಟ್ಟದಿದ್ದರೆ ಬೇಕಾದ ದಿನ ಅದು ಕದಲುವುದಿಲ್ಲ. ನೀರಿನ ಮಟ್ಟದಿಂದ ಎರಡು ಅಡಿ ಕೆಳಗೆ ಒಂದೂವರೆ ಅಂಗುಲದ ಪೈಪು ಕಳಚಿದರೆ ನಿಮಿಷಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಒಳಗೆ ಬರುತ್ತದೆ. ಆಗ ಎಣ್ಣೆ ಹುಡುಕುತ್ತಾ ಕೂರಲು ಪುರುಸೊತ್ತಿರುವುದಿಲ್ಲ.

ಪ್ರತಿ ವಾಲ್ವಿನ ಪಕ್ಕ ಅದರ ಅಳತೆಯ ಮೆದುಮರದ ಗೂಟವೊಂದನ್ನು ದಾರದಿಂದ ಕಟ್ಟಿಡಿ. ಮೆದುಮರ ನೀರು ಕುಡಿದು ಉಬ್ಬಿ ತೂತನ್ನು ಬಿಗಿಯಾಗಿ ಮುಚ್ಚುತ್ತದೆ. ಪೈಪಿನ ಕ್ಲಿಪ್ಪುಗಳಿಗೆ ಅಯಸ್ಕಾಂತ ಹಿಡಿಯಿರಿ. ಪಟ್ಟಿ ಸ್ಟೇನ್‌ಲೆಸ್ ಆಗಿದ್ದರೂ ಸ್ಕ್ರೂ ಬರೀ ಕಬ್ಬಿಣದ್ದಾಗಿದ್ದರೆ ಅಂಟಿಕೊಳ್ಳುತ್ತದೆ. ತುಕ್ಕು ಹಿಡಿದು ಮೊದಲು ಮುರಿಯುವುದು ಅದೇ. ಫಿಟಿಂಗಿನ ಲೋಹ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದು ಕಂಚಲ್ಲ, ಹಿತ್ತಾಳೆ. ಅದರೊಳಗಿನ ಸತುವನ್ನು ಸಮುದ್ರ ತಿಂದಿದೆ. ತಡಮಾಡದೆ ಬದಲಿಸಿ. ಸಮುದ್ರ ಹೀಗೆ ತಿನ್ನಲೆಂದೇ ದೋಣಿಯ ತಳಕ್ಕೆ ಸತುವಿನ ತುಂಡೊಂದನ್ನು ಕಟ್ಟಿರುತ್ತಾರೆ. ಅದಕ್ಕೆ ಬಣ್ಣ ಬಳಿಯಬೇಡಿ, ಅರ್ಧ ಸವೆದಾಗ ಹೊಸದು ಹಾಕಿ.

10. ತಂತಿಗೆ ಬರಿಗೈ ಸವರಬೇಡಿ

ಹಾಯಿಕಂಬವನ್ನು ನಿಲ್ಲಿಸಿರುವುದು ಸುತ್ತಲಿನ ಉಕ್ಕಿನ ತಂತಿಗಳು. ಅವುಗಳ ಒಂದೆಳೆ ಮುರಿದರೆ ಮೀನಿನ ಗಾಳದಂತೆ ಹೊರಕ್ಕೆ ಚಾಚುತ್ತದೆ. ಹಳೆಯ ಹತ್ತಿ ಬಟ್ಟೆ ಹಿಡಿದು ತಂತಿಯುದ್ದಕ್ಕೂ ಸವರಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆ ಮುರಿದಿದೆ. ಒಂದು ಎಳೆ ಮುರಿದರೂ ಆ ತಂತಿಯ ಆಯುಸ್ಸು ಮುಗಿಯಿತು ಎಂದುಕೊಳ್ಳಿ. ಉಳಿದ ಎಳೆಗಳಿಗೂ ಅಷ್ಟೇ ವಯಸ್ಸಾಗಿದೆ. ಹತ್ತರಿಂದ ಹದಿನೈದು ವರ್ಷಕ್ಕೊಮ್ಮೆ ತಂತಿ ಬದಲಿಸುವುದು ರೂಢಿ.

ತಂತಿಗಿಂತ ಮೋಸ ಮಾಡುವುದು ಅದು ಡೆಕ್ಕಿಗೆ ಸೇರುವ ಸ್ಟೇನ್‌ಲೆಸ್ ಪಟ್ಟಿ. ಹೊರಗೆ ಫಳಫಳ ಹೊಳೆಯುವ ಪಟ್ಟಿ, ಗಾಳಿಯಾಡದ ಒದ್ದೆ ಸಂದಿನಲ್ಲಿ ಒಳಗೇ ಬಿರುಕು ಬಿಡುತ್ತದೆ. ಡೆಕ್ಕಿನ ಅಂಚಿನಲ್ಲಿ ಕಂದು ಗೆರೆ ಇಳಿದಿದ್ದರೆ ಪಟ್ಟಿಯನ್ನು ಹೊರಗೆಳೆದು ನೋಡಿ. ಹಾಯಿಯ ವಿಷಯದಲ್ಲಿ ಬಟ್ಟೆಗಿಂತ ಮೊದಲು ಸೋಲುವುದು ಹೊಲಿಗೆಯ ನೂಲು, ಅದರ ಶತ್ರು ಬಿಸಿಲು. ಉಗುರಿನಿಂದ ಕೆರೆದಾಗ ನೂಲು ಎದ್ದು ಬಂದರೆ ಹಾಯಿ ಹರಿಯುವ ಮೊದಲೇ ಮರುಹೊಲಿಗೆ ಹಾಕಿಸಿ.

11. ಕದಲದ ಸ್ಕ್ರೂಗೆ ಸಮಯ ಕೊಡಿ, ಹಾರುವ ಸ್ಪ್ರಿಂಗಿಗೆ ಪೆಟ್ಟಿಗೆ ಕೊಡಿ

ಅಲ್ಯೂಮಿನಿಯಂ ಹಾಯಿಕಂಬಕ್ಕೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಉಪ್ಪುನೀರು ಚಿಮುಕಿಸಿದರೆ ಅದೊಂದು ಸಣ್ಣ ಬ್ಯಾಟರಿಯೇ ಆಗುತ್ತದೆ. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸ್ಕ್ರೂವನ್ನು ಕಚ್ಚಿ ಹಿಡಿಯುತ್ತದೆ. ಬಲ ಹಾಕಿದರೆ ಸ್ಕ್ರೂವಿನ ತಲೆ ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿ. ಆಗಲೂ ಕದಲದಿದ್ದರೆ ಎಣ್ಣೆಯನ್ನು ಪೂರ್ತಿ ಒರೆಸಿದ ಮೇಲೆಯೇ ಬಿಸಿ ಕೊಡಿ. ಮತ್ತೆ ಹಾಕುವಾಗ ಎರಡು ಲೋಹಗಳ ನಡುವೆ ಲ್ಯಾನೋಲಿನ್ ಹಚ್ಚಿದರೆ ಮುಂದಿನ ಸಲ ನಿಮಗೆ ನೀವೇ ಕೃತಜ್ಞರಾಗಿರುತ್ತೀರಿ.

ಹಗ್ಗ ಎಳೆಯುವ ವಿಂಚ್ ಬಿಚ್ಚುವಾಗ ಒಂದು ರಟ್ಟಿನ ಪೆಟ್ಟಿಗೆಯ ತಳದಲ್ಲಿ ವಿಂಚ್ ಗಾತ್ರದ ತೂತು ಕೊರೆದು ಅದರ ಸುತ್ತ ಕೂರಿಸಿ. ಒಳಗಿನ ಉಗುರಿನಷ್ಟು ಸ್ಪ್ರಿಂಗುಗಳು ಟಿಣ್ ಎಂದು ಹಾರಿದರೆ ಪೆಟ್ಟಿಗೆಗೆ ಬೀಳಲಿ. ನನ್ನವು ಎರಡು ಕೊಲ್ಲಿಯ ತಳದಲ್ಲಿವೆ. ಜೋಡಿಸುವಾಗ ಹಲ್ಲುಚಕ್ರಗಳಿಗೆ ತೆಳುವಾಗಿ ಗ್ರೀಸು, ಸ್ಪ್ರಿಂಗ್ ಕೂರುವ ಕೊಕ್ಕೆಗಳಿಗೆ ಎರಡು ಹನಿ ಎಣ್ಣೆ ಮಾತ್ರ. ಕೊಕ್ಕೆಗೆ ಗ್ರೀಸು ಮೆತ್ತಿದರೆ ಅದು ಅಂಟಿಕೊಂಡು ವಿಂಚ್ ಹಿಂದಕ್ಕೆ ಗಿರ್ರನೆ ತಿರುಗೀತು.

12. ನಾತಕ್ಕೂ ವಿಳಾಸವಿದೆ

ಹಳೆಯ ದೋಣಿಯ ಶೌಚಾಲಯ ಎಷ್ಟು ತೊಳೆದರೂ ನಾರುತ್ತಿದ್ದರೆ ತಪ್ಪು ಪೈಪಿನದಿರಬಹುದು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪೈಪಿಗೆ ಸುತ್ತಿ ಬಿಡಿ. ತಣ್ಣಗಾದ ಮೇಲೆ ಬಟ್ಟೆಯನ್ನು ಹೊರಗೆ ತಂದು ಮೂಸಿ. ಬಟ್ಟೆ ನಾತ ಹೊಡೆದರೆ ಪೈಪಿನ ರಬ್ಬರೇ ವಾಸನೆ ಕುಡಿದಿದೆ, ಬದಲಿಸುವುದೊಂದೇ ಮದ್ದು. ಪಂಪು ಬಿಗಿಯಾಗಿದ್ದರೆ ಸ್ವಲ್ಪ ಅಡುಗೆ ಎಣ್ಣೆ, ಪೈಪಿನೊಳಗೆ ಸುಣ್ಣದಂತೆ ಕಟ್ಟಿದ್ದರೆ ರಾತ್ರಿಯಿಡೀ ವಿನೆಗರ್. ಅಡುಗೆಮನೆಯ ಸಾಮಾನೇ ಸಾಕು.

13. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ಬರೆದಿಡಿ

ಫಿಲ್ಟರ್, ಬೆಲ್ಟು, ಬ್ಯಾಟರಿ ಮೂರನ್ನೂ ಒಟ್ಟಿಗೆ ಬದಲಿಸಿ ಎಂಜಿನ್ ಸರಿಹೋದರೆ ನಿಮಗೆ ತಿಳಿದದ್ದು ಶೂನ್ಯ. ಕೆಟ್ಟದ್ದು ಯಾವುದೆಂದು ಗೊತ್ತಾಗಲಿಲ್ಲ. ಮುಂದಿನ ಸಲವೂ ಮೂರಕ್ಕೂ ದುಡ್ಡು ತೆರಬೇಕು. ಅಗ್ಗದ್ದು, ಕೈಗೆ ಎಟುಕುವುದು ಮೊದಲು, ದುಬಾರಿಯದು ಕೊನೆಗೆ. ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ.

ಎರಡು ರೂಪಾಯಿಯ ಪೆನ್ನು, ಒಂದು ನೋಟುಬುಕ್ಕು ದೋಣಿಯಲ್ಲೇ ಇರಲಿ. ತಾರೀಕು, ಲಕ್ಷಣ, ಮಾಡಿದ್ದು, ಫಲ ಎಂದು ನಾಲ್ಕು ಕಾಲಂ. ನನ್ನ ಪುಸ್ತಕದ ಮೂರನೇ ಪುಟದಲ್ಲಿ "ಕಿಟಕಿಗೆ ಸಿಲಿಕೋನ್" ಎಂದು ಮೂರು ಸಲ ಬರೆದಿದೆ. ಮೊದಲನೆಯದನ್ನು ಬರೆದು ಓದಿದ್ದರೆ ಮೂರನೆಯದನ್ನು ಬರೆಯುತ್ತಿರಲಿಲ್ಲ. ಕೊನೆಯ ಪುಟದಲ್ಲಿ ಬಿಡಿಭಾಗಗಳ ಪಟ್ಟಿ: ಎರಡು ಫಿಲ್ಟರ್, ಒಂದು ಇಂಪೆಲ್ಲರ್, ಒಂದು ಬೆಲ್ಟು, ಫ್ಯೂಸುಗಳು, ಕ್ಲಿಪ್ಪುಗಳು, ಹಾಯಿಗೆ ಹಚ್ಚುವ ಟೇಪು. ಬಳಸಿದ ದಿನವೇ ಬದಲಿ ತರಿಸಿ.

14. ಮುಟ್ಟಬಾರದ್ದು ಯಾವುದೆಂದು ತಿಳಿದಿರಿ, ಉಳಿದದ್ದಕ್ಕೆ ಅಂಜಬೇಡಿ

ಅಡುಗೆ ಗ್ಯಾಸಿನ ಪೈಪು, ಕೀಲ್‌ನ ಬೋಲ್ಟು, ದಡದಿಂದ ಬರುವ ಮನೆಯ ವೋಲ್ಟೇಜಿನ ವಿದ್ಯುತ್ತು, ಈ ಮೂರಕ್ಕೆ ಬಲ್ಲವರನ್ನು ಕರೆಯಿರಿ. ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಬಿಲ್ಜ್‌ನಲ್ಲಿ ಮಡುಗಟ್ಟಿ ಒಂದು ಕಿಡಿಗೆ ಕಾಯುತ್ತದೆ. ಪೆಟ್ರೋಲ್ ಎಂಜಿನ್ನಿನ ಆವಿಯೂ ಹಾಗೆಯೇ. ಶುರುಮಾಡುವ ಮೊದಲು ನಾಲ್ಕು ನಿಮಿಷ ಬ್ಲೋವರ್ ಓಡಿಸಿ, ಮೂಸಿ ನೋಡಿ.

ಉಳಿದದ್ದರಲ್ಲಿ ಸಾಮಾನು ಇಲ್ಲವೆಂಬ ನೆಪ ಬೇಡ. 1968ರಲ್ಲಿ ಬ್ರಿಟಿಷ್ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತಲು ಹೊರಟದ್ದು ಬೊಂಬಾಯಿಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ 'ಸುಹೈಲಿ'ಯಲ್ಲಿ. ಅಟ್ಲಾಂಟಿಕ್‌ನಲ್ಲಿ ಹಲಗೆಗಳ ಸಂದು ಬಿಟ್ಟು ನೀರು ಒಳಗೆ ಬರತೊಡಗಿದಾಗ ಅವರು ಮಾಡಿದ ಮೊದಲ ಕೆಲಸ ಸಮುದ್ರಕ್ಕೆ ಧುಮುಕಿ ಎಲ್ಲಿ ಬಿಟ್ಟಿದೆಯೆಂದು ನೋಡಿದ್ದು. ಆಮೇಲೆ ಉಸಿರು ಕಟ್ಟಿ ಮುಳುಗಿ ಮುಳುಗಿ ಸಂದಿಗೆ ಹತ್ತಿ ತುರುಕಿ, ಮೇಲೆ ಕ್ಯಾನ್ವಾಸ್ ಪಟ್ಟಿ ಹೊಡೆದು, ಅದರ ಮೇಲೆ ತಾಮ್ರದ ತಗಡು ಹಾಕಿದರು. ಬ್ಯಾಟರಿ ಚಾರ್ಜ್ ಮಾಡುವ ಎಂಜಿನ್ನಿನ ಸೂಕ್ಷ್ಮ ಅಂತರ ಅಳೆಯಲು ಗೇಜು ಇರಲಿಲ್ಲ. ಪುಸ್ತಕದ ಹಾಳೆಗಳನ್ನು ಎಣಿಸಿ ಒಂದು ಹಾಳೆಯ ದಪ್ಪ ಲೆಕ್ಕ ಹಾಕಿ, ಅದನ್ನೇ ಗೇಜು ಮಾಡಿಕೊಂಡರು. 1969ರ ಏಪ್ರಿಲ್ 22ರಂದು, 312 ದಿನಗಳ ಮೇಲೆ, ಹೊರಟ ಬಂದರಿಗೇ ಮರಳಿದರು.

ಆ ಯಾನದ ನೆನಪಿಗೆ ನಡೆಯುವ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಇಂದಿಗೂ 1988ಕ್ಕೆ ಮೊದಲು ವಿನ್ಯಾಸಗೊಂಡ, 32ರಿಂದ 36 ಅಡಿಯ ದೋಣಿಗಳಷ್ಟೇ ಸಲ್ಲುತ್ತವೆ. 2022ರ ಸ್ಪರ್ಧೆಯಲ್ಲಿ ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ, ತಮ್ಮ ದೋಣಿಯನ್ನು ಗಾಳಿಯ ದಿಕ್ಕಿಗೆ ತಕ್ಕಂತೆ ತಾನಾಗಿ ನಡೆಸುವ ಗಾಳಿಚುಕ್ಕಾಣಿ ಕೆಟ್ಟಾಗ, ಶೌಚಾಲಯದ ಬಾಗಿಲನ್ನೇ ಕತ್ತರಿಸಿ ದುರಸ್ತಿಗೆ ಬಳಸಿದರು. 236 ದಿನ ಸಾಗಿ ಎರಡನೆಯವರಾಗಿ ದಡ ಸೇರಿದರು.

ಸಾಮಾನಿನಂತೆ ಸಮಯವೂ ನೆಪವಾಗಬಾರದು. ನಮ್ಮ ಕರಾವಳಿಯ ಮೀನುಗಾರರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಸುವಂತಿಲ್ಲ. ದೋಣಿ ದಡಕ್ಕೇರುತ್ತದೆ, ಬಲೆ ಹೆಣೆಯುವುದು, ತಳ ಕೆರೆಯುವುದು, ಎಂಜಿನ್ ಬಿಚ್ಚುವುದು ಎಲ್ಲವೂ ಆಗಲೇ. ಹವ್ಯಾಸದ ದೋಣಿಯವರಿಗೆ ಅಂಥ ಕಟ್ಟಳೆ ಇಲ್ಲ, ಹಾಗಾಗಿಯೇ ನಮ್ಮ ಕೆಲಸ ಬಾಕಿ ಉಳಿಯುತ್ತದೆ. ವರ್ಷಕ್ಕೆ ಎರಡು ವಾರ ನೀವೇ ಗೊತ್ತುಮಾಡಿಕೊಳ್ಳಿ. ಅಷ್ಟಕ್ಕೂ ಕಾಯಬೇಡಿ, ಈ ಭಾನುವಾರ ದೋಣಿಗೆ ಹೋದಾಗ ಒಂದು ಪೌಡರ್ ಡಬ್ಬಿ, ಒಂದು ನೋಟುಬುಕ್ಕು ಒಯ್ಯಿರಿ. ಸಿಲಿಕೋನ್ ಟ್ಯೂಬು ಮನೆಯಲ್ಲೇ ಇರಲಿ.